ಅಡಿಕೆ, ಮೆಣಸು ಮತ್ತು ಜಾಗತೀಕರಣ ಚರ್ಚೆ: ಬನವಾಸಿ ಸೀಮೆಯ ಜಾನಪದದ ನೆಲೆಯಿಂದ

ಕನ್ನಡದಲ್ಲಿ ಜಾಗತೀಕರಣವನ್ನು ಕುರಿತ ಚರ್ಚೆ 1991ರ ಆರ್ಥಿಕ ಸುಧಾರಣೆಗಳ ಬೆನ್ನಿಗೆ ಬೆಳೆಯಿತು. 1992ರ ಕೊನೆಯಲ್ಲಿ ರೈತ ಸಂಘದ ಕಾರ್ಯಕರ್ತರು ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿದ ಪ್ರಕರಣದಿಂದ ಅದು ವಿದ್ವತ್ ವಲಯವನ್ನು ದಾಟಿ ಹಳ್ಳಿಗಳಿಗೂ ತಲುಪಿತು. ಜಾನಪದ ಅಧ್ಯಯನವು ಈ ಚರ್ಚೆಯನ್ನು ಬರಮಾಡಿಕೊಂಡ ರೀತಿ ಮಾತ್ರ ಅಷ್ಟು ತೃಪ್ತಿಕರವಾದುದಲ್ಲ. ಮಾರುಕಟ್ಟೆಯಿಂದ ಜನಪದ ಸಂಸ್ಕೃತಿ ನಾಶವಾಗುತ್ತಿದೆಯೆಂಬ ಶೋಕ ಒಂದೆಡೆ. ಮಾರುಕಟ್ಟೆಯೇ ಅದಕ್ಕೆ ಹೊಸ ವೇದಿಕೆ ಒದಗಿಸುತ್ತದೆಯೆಂಬ ಉತ್ಸಾಹ ಇನ್ನೊಂದೆಡೆ. ಪರಸ್ಪರ ವಿರುದ್ಧವೆಂದು ತೋರುವ ಈ ನಿಲುವುಗಳೆರಡೂ ಜಗತ್ತು ಹೊರಗಿನದು, ಇತ್ತೀಚೆಗೆ ಬಂದದ್ದು ಎಂಬ ಒಂದೇ ನಂಬಿಕೆಯ ಮೇಲೆ ನಿಂತಿವೆ. ಬನವಾಸಿಯನ್ನೊಳಗೊಂಡ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಆಧಾರಗಳು ಈ ನಂಬಿಕೆಯನ್ನು ಪುಷ್ಟೀಕರಿಸುವುದಿಲ್ಲ.

ಕ್ರಿ.ಶ. ಎರಡನೆಯ ಶತಮಾನದ ಟಾಲೆಮಿ ಬನವಾಸಿಯನ್ನು ಹೆಸರಿಸಿದ್ದಾನೆ. ವನವಾಸಕ್ಕೆ ಬೌದ್ಧ ಭಿಕ್ಷುವನ್ನು ಕಳುಹಿದ ಸಂಗತಿಯನ್ನು ಸಿಂಹಳದ ಮಹಾವಂಸ ಹೇಳುತ್ತದೆ. ಪದೇ ಪದೇ ಉಲ್ಲೇಖಗೊಳ್ಳುವ ಈ ಸಂಗತಿಗಳು ಹೆಮ್ಮೆಗೆ ಒದಗಿದಷ್ಟು ವಿಶ್ಲೇಷಣೆಗೆ ಒದಗಿಲ್ಲ. ಇವಕ್ಕಿಂತ ಹೆಚ್ಚನ್ನು ದಿನಬಳಕೆಯ ಒಂದು ಪದ ಹೇಳಬಲ್ಲದು. ಅಡಿಕೆ ಮರಕ್ಕೆ ಹಬ್ಬಿದ ಬಳ್ಳಿಯ ಕಾಳಿಗೆ ಕನ್ನಡದಲ್ಲಿ ಮೊದಲಿದ್ದ ಹೆಸರು ‘ಮೆಣಸು’ ಎಂದಷ್ಟೇ. ಅಮೆರಿಕ ಖಂಡದ ಖಾರದ ಕಾಯಿ ಪೋರ್ಚುಗೀಸರ ಮೂಲಕ ಬಂದು ‘ಮೆಣಸಿನಕಾಯಿ’ಯಾಯಿತು. ಬರಬರುತ್ತ ಆ ಹೊಸಬನೇ ಅಡುಗೆಮನೆಯ ಯಜಮಾನನಾಗಿ, ಊರಿನ ಮೆಣಸು ‘ಕಾಳುಮೆಣಸು’, ‘ಒಳ್ಳೆಮೆಣಸು’ ಎಂಬ ವಿಶೇಷಣ ಹೊತ್ತು ತನ್ನನ್ನು ಗುರುತಿಸಿಕೊಳ್ಳಬೇಕಾಯಿತು. ಹದಿನಾರನೆಯ ಶತಮಾನದ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದುದೂ ಈ ವ್ಯಾಪಾರದ ಕಾರಣದಿಂದಲೇ. ದೇಸೀ ರುಚಿಯೆಂದು ಇಂದು ಸಂರಕ್ಷಿಸಹೊರಟಿರುವ ಖಾರದ ಅಡುಗೆ ಹಿಂದಿನ ಒಂದು ಜಾಗತೀಕರಣದ ಫಲವೆಂಬುದನ್ನು ಮರೆಯಲಾಗದು.

ಇದಕ್ಕಿಂತ ತೊಡಕಿನ ನಿದರ್ಶನ ಅಡಿಕೆ ಸುಲಿಯುವ ಚಪ್ಪರದ್ದು. ಕೆಂಪಡಿಕೆಗಾಗಿ ಕೊಯ್ದ ಹಸಿ ಅಡಿಕೆಯನ್ನು ತಡಮಾಡದೆ ಸುಲಿದು, ತೊಗರಿನಲ್ಲಿ ಬೇಯಿಸಿ ಒಣಗಿಸಬೇಕು. ಹೀಗಾಗಿ ಕೊನೆಕೊಯ್ಲಿನ ದಿನಗಳಲ್ಲಿ ಮೆಟ್ಟುಗತ್ತಿಯ ಮುಂದೆ ರಾತ್ರಿಯವರೆಗೂ ಕೆಲಸ ಸಾಗುತ್ತಿತ್ತು. ಕಥೆ, ಒಗಟು, ಹಾಡುಗಳು ನಿದ್ದೆಯನ್ನು ದೂರವಿಡುತ್ತಿದ್ದವು. ಸುಲಿಯುವ ಯಂತ್ರಗಳು ಬಂದ ಮೇಲೆ ಈ ಸಂದರ್ಭ ಕ್ಷೀಣಿಸಿತು. ಜಾನಪದ ವಿದ್ವಾಂಸರ ವಿಷಾದಕ್ಕೆ ಕಾರಣವಿಲ್ಲದಿಲ್ಲ. ಆದರೆ ಉತ್ತರ ಭಾರತದ ಖರೀದಿದಾರನಿಲ್ಲದೆ ಅಷ್ಟು ಅಡಿಕೆಯನ್ನು ಬೆಳೆಯುವ ಅಗತ್ಯವೇ ಇರಲಿಲ್ಲ, ಚಪ್ಪರವೂ ಇರುತ್ತಿರಲಿಲ್ಲ. ಮಾರುಕಟ್ಟೆ ಕೊಂದಿತೆನ್ನುವ ಆ ಜಾನಪದ ಸಂದರ್ಭವನ್ನು ಹುಟ್ಟಿಸಿದ್ದೂ ದೂರದ ಮಾರುಕಟ್ಟೆಯೇ. ಹಾಡನ್ನು ಬರೆದುಕೊಂಡ ಸಂಗ್ರಾಹಕ ಹಾಡಿದವಳ ಆ ರಾತ್ರಿಯ ಕೂಲಿಯನ್ನೂ ಬರೆದುಕೊಂಡಿದ್ದರೆ ಇಂದಿನ ಚರ್ಚೆಯ ಸ್ವರೂಪವೇ ಬೇರೆಯಾಗುತ್ತಿತ್ತು. ಯಂತ್ರ ಬಂದಾಗ ನಾವು ಕಳೆದುಕೊಂಡದ್ದು ಪಠ್ಯವನ್ನು, ಆಕೆ ಕಳೆದುಕೊಂಡದ್ದು ಕೆಲಸವನ್ನು.

ಆದ್ದರಿಂದ ಕೇಳಬೇಕಾದ ಪ್ರಶ್ನೆ ಸಂಪರ್ಕ ಬೇಕೋ ಬೇಡವೋ ಎಂಬುದಲ್ಲ. ಸಂಪರ್ಕದ ಷರತ್ತುಗಳನ್ನು ಯಾರು ಗೊತ್ತುಮಾಡುತ್ತಾರೆ ಎಂಬುದು. ಶಿರಸಿಯ ಬೆಳೆಗಾರರು 1923ರಲ್ಲಿ ತೋಟಗಾರ್ಸ್ ಸಹಕಾರಿ ಮಾರಾಟ ಸಂಘವನ್ನು ಕಟ್ಟಿದಾಗ ಮಾರುಕಟ್ಟೆಯನ್ನು ತ್ಯಜಿಸಲಿಲ್ಲ, ಅದರೊಳಗೆ ತಮ್ಮ ಮಾತಿಗೆ ಬೆಲೆ ತಂದುಕೊಂಡರು. 1998ರಲ್ಲಿ ಸಹಿಯಾಗಿ 2000ದಲ್ಲಿ ಜಾರಿಗೆ ಬಂದ ಭಾರತ–ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದ, 2001ರಲ್ಲಿ ಆಮದು ಪ್ರಮಾಣ ನಿರ್ಬಂಧಗಳ ತೆರವು ಇವು ಬೇರೆ ಬಗೆಯವು. ಮೆಣಸಿನ ಬಳ್ಳಿಯ ಭವಿಷ್ಯ ಇಲ್ಲಿ ನಿರ್ಧಾರವಾದದ್ದು ಬೆಳೆದವರ ಕೈಗೆಟುಕದ ಮೇಜಿನ ಮೇಲೆ. 1991ರ ನಂತರದ ಘಟ್ಟವನ್ನು ಹಿಂದಿನವುಗಳಿಂದ ಬೇರ್ಪಡಿಸುವುದು ಈ ದೂರ ಮತ್ತು ವೇಗ. ಶುದ್ಧ ಸ್ಥಳೀಯತೆಯ ಭಂಗವಲ್ಲ.

2019ರಲ್ಲಿ ಈ ಮೂರು ತಾಲ್ಲೂಕುಗಳ ಅಡಿಕೆಗೆ ‘ಸಿರ್ಸಿ ಸುಪಾರಿ’ ಎಂಬ ಹೆಸರಿನಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ವಿಶ್ವ ವ್ಯಾಪಾರ ವ್ಯವಸ್ಥೆಯ ಕಾನೂನೇ ಸ್ಥಳೀಯತೆಗೆ ರಕ್ಷಣೆ ನೀಡಿದ ಸ್ವಾಗತಾರ್ಹ ಸಂದರ್ಭವಿದು. ಆದರೂ ಊರಿನವರು ‘ಅಡಿಕೆ’ ಎನ್ನುವುದು ದಾಖಲೆಯಲ್ಲಿ ಕೊಳ್ಳುವವನ ಭಾಷೆಯ ‘ಸುಪಾರಿ’ಯಾಗಿದೆ. ಮಾನ್ಯತೆ ನೆಲದ ಗುಣವನ್ನು ಗುರುತಿಸುತ್ತದೆ. ಮರವೇರುವ ಕೊನೆಗೌಡನ ಕೌಶಲ ಆ ಹೆಸರಿನೊಳಗೆ ಎಲ್ಲಿದೆಯೆಂಬುದನ್ನು ಹುಡುಕಬೇಕಾಗುತ್ತದೆ. ಅಡಿಕೆಯನ್ನೇ ಕ್ಯಾನ್ಸರ್‌ಕಾರಕವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ವರ್ಗೀಕರಿಸಿರುವುದರಿಂದ, ವೀಳ್ಯದ ಪಾವಿತ್ರ್ಯವನ್ನಷ್ಟೇ ಮುಂದೊಡ್ಡಿ ವಾದಿಸುವ ಅವಕಾಶವೂ ಈಗ ಉಳಿದಿಲ್ಲ.

ಸ್ಥಳೀಯ–ಜಾಗತಿಕ ಎಂಬ ವಿಭಜನೆ ಪೂರ್ತಿಯಾಗಿ ಸೋಲುವುದು ಯಲ್ಲಾಪುರದ ಸಿದ್ದಿ ಸಮುದಾಯದ ಮುಂದೆ. ಗುಲಾಮರಾಗಿ ಆಫ್ರಿಕದಿಂದ ಗೋವೆಗೆ ತರಲ್ಪಟ್ಟು, ಘಟ್ಟದ ಕಾಡುಗಳಲ್ಲಿ ನೆಲೆ ಕಂಡವರ ಸಂತತಿಯಿದು. ಇವರನ್ನು ಹೊರಗಿನವರೆನ್ನಲು ಶತಮಾನಗಳು ಅಡ್ಡಬರುತ್ತವೆ. ಜಗತ್ತಿನಿಂದ ಮುಟ್ಟಿಸಿಕೊಳ್ಳದವರೆನ್ನಲು ಅವರ ಮೈಬಣ್ಣವೇ ಅಡ್ಡಬರುತ್ತದೆ. ಇವರ ಡಮಾಮಿ ಇಂದು ಉತ್ಸವಗಳ ವೇದಿಕೆಯನ್ನು ಏರಿದೆ. ವೇದಿಕೆಯ ಸಂಘಟಕರು ಅದರಲ್ಲಿ ಆಫ್ರಿಕವನ್ನು ಅರಸುತ್ತಾರೆ. ಕೊಂಕಣಿ, ಕನ್ನಡಗಳು ಬೆರೆತ ಇವರ ಬದುಕು ಆ ಬೆಳಕಿನಲ್ಲಿ ಮಸುಕಾಗುತ್ತದೆ. 1980ರ ದಶಕದಲ್ಲಿ ಚಿದಂಬರರಾವ್ ಜಂಬೆ ಮಂಚಿಕೇರಿಯ ಸಿದ್ದಿಗಳಿಂದ ಆಡಿಸಿದ ‘ಕಪ್ಪು ಜನ ಕೆಂಪು ನೆರಳು’ ಇದಕ್ಕಿಂತ ಭಿನ್ನವಾದ ಪ್ರಯೋಗ. ನೈಜೀರಿಯದ ಚಿನುವ ಅಚೆಬೆಯ ಕಾದಂಬರಿ ಅಲ್ಲಿ ಕನ್ನಡವಾಗಿತ್ತು; ವಸಾಹತು ಆಡಳಿತ ಬಂದು ಒಡೆದುಹೋದ ಹಳ್ಳಿಯೊಂದರ ಕಥೆಯನ್ನು ಸಿದ್ದಿಗಳು ನಟರಾಗಿ ನಿರೂಪಿಸಿದರು. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು ಅದಾದ ಬಹುಕಾಲದ ಮೇಲೆ, 2003ರಲ್ಲಿ.