ಅಪರಾಧಪ್ರಜ್ಞೆಯಿಂದ ಆತ್ಮಾರ್ಪಣೆಗೆ: ಗ್ರಹಾಂ ಗ್ರೀನನ ಹೆಸರಿಲ್ಲದ ಪಾದ್ರಿ

ಆಂಗ್ಲ ಕಾದಂಬರಿಕಾರ ಗ್ರಹಾಂ ಗ್ರೀನನು 1926ರಲ್ಲಿ ಕ್ಯಾಥೊಲಿಕ್ ಮತವನ್ನು ಸ್ವೀಕರಿಸಿದವನು. 1938ರಲ್ಲಿ ಮೆಕ್ಸಿಕೋ ದೇಶವನ್ನು ಸಂಚರಿಸಿ, ಟಬಾಸ್ಕೊ ಪ್ರಾಂತದಲ್ಲಿ ಇಗರ್ಜಿಗಳು ನಾಶವಾಗಿ ಪಾದ್ರಿಗಳು ಇಲ್ಲದಂತಾದ ಪರಿಯನ್ನು ಕಣ್ಣಾರೆ ಕಂಡನು. ಅದರ ಫಲವೇ 1940ರಲ್ಲಿ ಪ್ರಕಟವಾದ ‘ದಿ ಪವರ್ ಅಂಡ್ ದಿ ಗ್ಲೋರಿ’.

ಕಥಾನಾಯಕನಾದ ಪಾದ್ರಿಗೆ ಹೆಸರಿಲ್ಲ. ಮದ್ಯವ್ಯಸನಿ, ವ್ರತಭಂಗದಿಂದ ಹೆಣ್ಣುಮಗುವೊಂದರ ತಂದೆಯಾದವನು. ಪೋಲೀಸರು ಇವನಿಗಾಗಿ ಹಳ್ಳಿಹಳ್ಳಿಗಳಿಂದ ಒತ್ತೆಯಾಳುಗಳನ್ನು ಹಿಡಿದು ಗುಂಡಿಕ್ಕುತ್ತಾರೆ. ತನ್ನ ಪಾಪವನ್ನು ದ್ವೇಷಿಸಬೇಕೆಂಬುದನ್ನು ಬಲ್ಲ ಇವನು ಆ ಪಾಪದ ಫಲವಾದ ಮಗಳನ್ನು ದ್ವೇಷಿಸಲಾರ. ಆದುದರಿಂದ ಪಶ್ಚಾತ್ತಾಪವೇ ಪೂರ್ಣವಾಗದು. ಪಾಪನಿವೇದನೆಯನ್ನು ಕೇಳಲು ಒಪ್ಪುವ ಬೇರೊಬ್ಬ ಪಾದ್ರಿಯೂ ಇಲ್ಲ. ಆದರೂ ಇವನು ನೀಡುವ ಸಂಸ್ಕಾರ ಸಿಂಧುವೇ. ಸಂಸ್ಕಾರದ ಬಲ ಪುರೋಹಿತನ ಶುದ್ಧಿಯನ್ನು ಅವಲಂಬಿಸದೆಂದು ಸಂತ ಅಗಸ್ಟೀನನು ಡೊನೇಟಿಸ್ಟ್ ಪಂಥದವರೊಡನೆ ವಾದಿಸಿದುದು ಇದೇ ತೊಡಕನ್ನು ಕುರಿತು. ಪರರಿಗೆ ದೇವರನ್ನು ಕೊಡಬಲ್ಲವನು ತನಗೆ ತಾನು ಕ್ಷಮೆಯನ್ನು ಕೊಟ್ಟುಕೊಳ್ಳಲಾರ!

ಅಪರಾಧಪ್ರಜ್ಞೆಯೊಂದೇ ಇವನನ್ನು ಬಲಿದಾನಕ್ಕೆ ಒಯ್ದಿತೆನ್ನುವುದು ಸರಿಯಾಗದು. ಬರಿಯ ಅಪರಾಧಪ್ರಜ್ಞೆ ಇವನನ್ನು ಮದ್ಯದತ್ತ ತಳ್ಳಿತು, ಅಷ್ಟೆ. ತಿರುವು ಬರುವುದು ಸೆರೆಮನೆಯ ರಾತ್ರಿಯಲ್ಲಿ. ದುರ್ನಾತದ ಕತ್ತಲೆಯಲ್ಲಿ ಕಳ್ಳರು, ಕೊಲೆಗಾರರ ನಡುವೆ ಒತ್ತೊತ್ತಾಗಿ ಕುಳಿತು, ತಾನು ಪಾದ್ರಿಯೆಂದೂ ಕೆಟ್ಟವನೆಂದೂ ಹೇಳಿಬಿಡುತ್ತಾನೆ. ತಲೆಗೆ ಬಹುಮಾನವಿದ್ದರೂ ಒಬ್ಬನೂ ಹಿಡಿದುಕೊಡುವುದಿಲ್ಲ. ಅಲ್ಲಿ ಇವನಿಗೆ ಅಸಹನೆ ಹುಟ್ಟಿಸುವವಳು ಪಾಪಿಯಲ್ಲ, ತನ್ನ ಭಕ್ತಿಯನ್ನು ಮೆರೆಯುವ ಹೆಂಗಸು. ಹಿಂದೆ ಪುಷ್ಟಿಯಾಗಿ, ಗೌರವಸ್ಥನಾಗಿ ಬಾಳಿದ ದಿನಗಳಲ್ಲಿ ಇವನಿಗೆ ಇಂತಹ ಪ್ರೀತಿ ಲಭಿಸಿರಲಿಲ್ಲ. ಕಷ್ಟವು ಅಪರಾಧಪ್ರಜ್ಞೆಯೊಳಗಿನ ಅಹಂಕಾರವನ್ನು ಸುಲಿದು ತೆಗೆಯಿತು.

ಮುಂದೆ ಗಡಿ ದಾಟಿ ಸುಖವಾಗಿರುವಾಗ ಇದೇ ವ್ಯಕ್ತಿ ಮಕ್ಕಳ ಜ್ಞಾನಸ್ನಾನಕ್ಕೆ ದರ ಕಟ್ಟಿ ಚೌಕಾಸಿ ಮಾಡುವುದನ್ನು ಗ್ರೀನನು ಮರೆಮಾಚುವುದಿಲ್ಲ. ಇದು ಕೃತಿಯ ಪ್ರಾಮಾಣಿಕತೆ. ಸಾಯುತ್ತಿರುವ ಅಮೆರಿಕದ ಕೊಲೆಗಡುಕನೊಬ್ಬ ಪಾದ್ರಿಯನ್ನು ಬಯಸುತ್ತಿರುವನೆಂದು ಕೋರೆಹಲ್ಲಿನ ಮೆಸ್ತಿಸೊ ಬಂದು ಕರೆದಾಗ, ಅದು ಬಲೆಯೆಂದರಿತೂ ಹಿಂತಿರುಗುತ್ತಾನೆ. ಆ ಕೊಲೆಗಡುಕನೋ ಪಾಪನಿವೇದನೆ ಮಾಡಿಕೊಳ್ಳದೆಯೇ ಸಾಯುತ್ತಾನೆ! ಫಲವಿಲ್ಲದ ಈ ತ್ಯಾಗವನ್ನು ಆತ್ಮಹತ್ಯೆಯೆನ್ನುವವರಿಗೆ ಒಂದೇ ಉತ್ತರವುಂಟು: ಇವನು ಸಾವನ್ನು ಬಯಸಿದವನಲ್ಲ, ಕೊನೆಯ ರಾತ್ರಿಯೂ ಅದಕ್ಕೆ ಅಂಜಿದವನು. ಬರಿಗೈಯಲ್ಲಿ ದೇವರೆದುರು ಹೋಗುತ್ತಿರುವೆನೆಂದೇ ಇವನ ವ್ಯಥೆ.

1953ರಲ್ಲಿ ರೋಮಿನ ಧರ್ಮಪೀಠವು ಈ ಕೃತಿಯನ್ನು ಆಕ್ಷೇಪಿಸಿದುದು ವಿಚಿತ್ರವಾದರೂ ಅನಿರೀಕ್ಷಿತವಲ್ಲ. ಕಾದಂಬರಿಯೊಳಗೇ ಧರ್ಮಭೀರು ತಾಯಿಯೊಬ್ಬಳು ಕಳಂಕವಿಲ್ಲದ ಹುತಾತ್ಮನೊಬ್ಬನ ಕಥೆಯನ್ನು ಮಕ್ಕಳಿಗೆ ಓದುತ್ತಾಳೆ. ಮಗನಿಗೆ ಅದು ಬೇಸರ. ಈ ಪಾದ್ರಿ ಗುಂಡಿಗೆ ಬಲಿಯಾದ ಮೇಲೆ ಅದೇ ಹುಡುಗ, ಇರುಳಿನಲ್ಲಿ ಬಂದ ಹೊಸ ಪಾದ್ರಿಗೆ ಬಾಗಿಲು ತೆರೆಯುತ್ತಾನೆ. ಈ ಕೊನೆಯ ಪುಟ ಮಾತ್ರ ತುಸು ಅವಸರದ ಸಮಾಧಾನವೆನಿಸುತ್ತದೆ. ಆ ಬಾಗಿಲು ಮುಚ್ಚಿಯೇ ಇದ್ದಿದ್ದರೂ ಸತ್ತವನ ತ್ಯಾಗಕ್ಕೆ ಕುಂದು ಬರುತ್ತಿರಲಿಲ್ಲ.