ನುಡಿಯಿಂದ ಸಾಕ್ಷ್ಯಕ್ಕೆ: ವಾಚಾತಿಯ ಒಂದು ಓದು

ಕನ್ನಡ ಓದುಗರ ನೆನಪಿನಲ್ಲಿ ಧರ್ಮಪುರಿ ಜಿಲ್ಲೆಗೆ ಬಹುಮಟ್ಟಿಗೆ ಎರಡೇ ಗುರುತುಗಳು. ಒಂದು, ಹೊಗೇನಕಲ್ಲಿನ ಕಾವೇರಿ. ಇನ್ನೊಂದು, 2004ರ ಅಕ್ಟೋಬರ್ 18ರಂದು ಪಾಪ್ಪಾರಪಟ್ಟಿಯ ಬಳಿ ವೀರಪ್ಪನ್ ಹತನಾದ ಸಂಗತಿ. ಅದೇ ಜಿಲ್ಲೆಯ ಹರೂರು ಸೀಮೆಯಲ್ಲಿ, ಸಿತ್ತೇರಿ ಬೆಟ್ಟಸಾಲಿನ ಬುಡದಲ್ಲಿರುವ ವಾಚಾತಿ ಎಂಬ ಹಳ್ಳಿಯ ಹೆಸರು ಕನ್ನಡದ ವಿಮರ್ಶೆಯಲ್ಲಿ ಅಪರೂಪಕ್ಕೆ ಬರುತ್ತದೆ. ಆದಿವಾಸಿಗಳ ಜೊತೆ ನಿಲ್ಲಬೇಕೆಂಬ ಮಾತು ವಿಚಾರಸಂಕಿರಣಗಳ ಸಮಾರೋಪದಲ್ಲಿ ತಪ್ಪದೆ ಕೇಳಿಬರುವ ಈ ಕಾಲದಲ್ಲಿ ಈ ಗೈರುಹಾಜರಿ ಯೋಚಿಸತಕ್ಕದ್ದು. ನುಡಿ ನಡೆಯಾಗಬೇಕೆಂಬ ಒತ್ತಾಯ ಕನ್ನಡಕ್ಕೆ ಹೊಸದಲ್ಲ. ನಡೆಯಾಗುವ ದಾರಿಯಲ್ಲಿ ನುಡಿ ಯಾವ ಯಾವ ರೂಪಗಳನ್ನು ಹಾಯಬೇಕಾಗುತ್ತದೆ ಎಂಬ ಪ್ರಶ್ನೆಯನ್ನು ಮಾತ್ರ ಅಷ್ಟಾಗಿ ಕೇಳಿಕೊಂಡಂತಿಲ್ಲ. ವಾಚಾತಿಯ ಮೂರು ದಶಕಗಳ ಕಥನವನ್ನು ಈ ಪ್ರಶ್ನೆಯ ಬೆಳಕಿನಲ್ಲಿ ಓದಬಹುದು.

ವಾಚಾತಿಯ ಜನ ಮಲಯಾಳಿ ಎಂಬ ಪರಿಶಿಷ್ಟ ಪಂಗಡಕ್ಕೆ ಸೇರಿದವರು. ಹೆಸರು ಕೇಳಿ ಕೇರಳವನ್ನು ನೆನೆಯಬೇಕಾಗಿಲ್ಲ. ‘ಮಲೆಯವರು’ ಎಂಬ ಅರ್ಥದ ಈ ಹೆಸರು ಸೇಲಂ ಜಿಲ್ಲೆಯ ಶೇರ್ವರಾಯನ್ ಬೆಟ್ಟಗಳಿಂದ ಕಲ್ವರಾಯನ್, ಸಿತ್ತೇರಿ, ಕೊಲ್ಲಿಮಲೆಗಳವರೆಗೆ ಹರಡಿರುವ, ತಮಿಳನ್ನಾಡುವ ಸಮುದಾಯದ್ದು. ಆಡಳಿತದ ಪಟ್ಟಿಯಲ್ಲಿ ಈ ಹೆಸರಿಗೆ ಜಿಲ್ಲೆಯ ಗಡಿ ಉಂಟು. ಸೇಲಂ, ಧರ್ಮಪುರಿಗಳಲ್ಲಿ ಪರಿಶಿಷ್ಟ ಪಂಗಡವೆನಿಸಿದವರ ಬಳಗವೇ ಈರೋಡು ಜಿಲ್ಲೆಯ ಬರಗೂರು ಬೆಟ್ಟದಲ್ಲಿ ಆ ಮಾನ್ಯತೆಗಾಗಿ ದೀರ್ಘಕಾಲ ಬೇಡಿಕೆಯಿಡಬೇಕಾಯಿತು. ‘ಆದಿವಾಸಿ’ ಎಂಬ ವಿಶಾಲ ಪದವನ್ನು ವೇದಿಕೆಯಲ್ಲಿ ನಿರಾಯಾಸವಾಗಿ ಬಳಸುವಾಗ, ತಾಲ್ಲೂಕು ಕಚೇರಿಯ ಪ್ರಮಾಣಪತ್ರದಲ್ಲಿ ಅದು ಎಷ್ಟು ಕಿರಿದಾಗುತ್ತದೆ ಎಂಬುದು ಮರೆತುಹೋಗುತ್ತದೆ.

1992ರ ಜೂನ್ 20ರಂದು ಗಂಧದ ಮರದ ಕಳ್ಳಸಾಗಣೆಯನ್ನು ಪತ್ತೆಹಚ್ಚುವ ನೆಪದಲ್ಲಿ ಅರಣ್ಯ, ಪೊಲೀಸ್ ಮತ್ತು ಕಂದಾಯ ಇಲಾಖೆಗಳ ಸಿಬ್ಬಂದಿ ಈ ಹಳ್ಳಿಗೆ ನುಗ್ಗಿದರು. ಜನರನ್ನು ಮನೆಗಳಿಂದ ಎಳೆತಂದು ಆಲದ ಮರದಡಿ ಕೂರಿಸಿ ಹೊಡೆದರು. ಹದಿನೆಂಟು ಹೆಂಗಸರು ಮತ್ತು ಹುಡುಗಿಯರ ಮೇಲೆ ಅತ್ಯಾಚಾರ ನಡೆಯಿತು. ಮನೆಗಳು ನೆಲಸಮವಾದವು, ಬಾವಿಯ ನೀರು ಕೆಟ್ಟಿತು. 90 ಹೆಂಗಸರು, 28 ಮಕ್ಕಳು ಮತ್ತು 15 ಗಂಡಸರು, ಒಟ್ಟು 133 ಮಂದಿ, ಕಳ್ಳಸಾಗಣೆಯ ಆರೋಪ ಹೊತ್ತು ಸೆರೆಮನೆ ಸೇರಿದರು. ಊರು ಬರಿದಾಯಿತು. ಹೇಳಬೇಕಾದವರೆಲ್ಲ ಒಂದೋ ಸೆರೆಯಲ್ಲಿದ್ದರು, ಇಲ್ಲವೇ ಕಾಡಿನಲ್ಲಿ ತಲೆಮರೆಸಿಕೊಂಡಿದ್ದರು.

ಇಲ್ಲಿಂದ ಮುಂದಿನ ಕಥನವೇ ವಿಮರ್ಶಕರ ಗಮನಕ್ಕೆ ಅರ್ಹವಾದದ್ದು. ಮರುತಿಂಗಳು ಸಿತ್ತೇರಿ ಬೆಟ್ಟದಲ್ಲಿ ‘ತಮಿಳುನಾಡು ಮಲೈವಾಳ್ ಮಕ್ಕಳ್ ಸಂಗಂ’ ಸಮಾವೇಶಗೊಂಡಾಗ ಈ ಸುದ್ದಿ ಮೊದಲ ಬಾರಿಗೆ ಹೊರಗಿನ ಕಿವಿಗೆ ಬಿತ್ತು. (ತಮಿಳಿನ ‘ಮಕ್ಕಳ್’ ಎಂದರೆ ಜನ, ಬೆಟ್ಟದಲ್ಲಿ ಬಾಳುವ ಜನರ ಸಂಘ ಎಂದು ಹೆಸರಿನ ಅರ್ಥ.) ಸಭೆ ಎಂಬುದು ಸಾಮಾನ್ಯವಾಗಿ ಭಾಷಣದ ಸ್ಥಳ, ಆ ಸಲ ಅದು ಕೇಳಿಸಿಕೊಳ್ಳುವ ಸ್ಥಳವಾಯಿತು. ಪಿ. ಷಣ್ಮುಗಂ ಮುಂತಾದ ಸಂಘದ ಮುಖಂಡರು ಹಳ್ಳಿಗೆ ಹೋಗಿ ಕಂಡರು. ಕೇಳಿದ್ದು ಹೇಳಿಕೆಯಾಯಿತು, ಹೇಳಿಕೆ ದೂರಾಯಿತು. ಮಾರ್ಕ್ಸ್‌ವಾದಿ ಕಮ್ಯುನಿಸ್ಟ್ ಪಕ್ಷದ ಅಂದಿನ ರಾಜ್ಯ ಕಾರ್ಯದರ್ಶಿ ಎ. ನಲ್ಲಶಿವನ್ ಸುಪ್ರೀಂ ಕೋರ್ಟಿಗೆ ಅರ್ಜಿ ಸಲ್ಲಿಸಿದರು. ಅಲ್ಲಿಂದ ಪ್ರಕರಣ ಮದ್ರಾಸ್ ಹೈಕೋರ್ಟಿಗೆ ಬಂತು. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ರಾಷ್ಟ್ರೀಯ ಆಯೋಗದ ಅಧಿಕಾರಿ ಬಿ. ಭಾಮತಿ ಸ್ಥಳಕ್ಕೆ ಹೋಗಿ ಸಿದ್ಧಪಡಿಸಿದ ವರದಿ ಹಳ್ಳಿಗರ ಮಾತಿಗೆ ಬಲ ಕೊಟ್ಟಿತು. 1995ರಲ್ಲಿ ಹೈಕೋರ್ಟ್ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು. ಆರೋಪಪಟ್ಟಿಯಲ್ಲಿದ್ದವರು 269 ಮಂದಿ: ಅರಣ್ಯ ಇಲಾಖೆಯ 155, ಪೊಲೀಸ್ ಇಲಾಖೆಯ 108, ಕಂದಾಯ ಇಲಾಖೆಯ 6.

2011ರ ಸೆಪ್ಟೆಂಬರ್ 29ರಂದು ಧರ್ಮಪುರಿಯ ಸೆಷನ್ಸ್ ನ್ಯಾಯಾಲಯ ತೀರ್ಪು ನೀಡುವ ಹೊತ್ತಿಗೆ ಆರೋಪಿಗಳಲ್ಲಿ 54 ಮಂದಿ ತೀರಿಹೋಗಿದ್ದರು. ಬದುಕಿದ್ದ 215 ಮಂದಿಯೂ ತಪ್ಪಿತಸ್ಥರೆಂದು ನಿರ್ಣಯವಾಯಿತು. ಅತ್ಯಾಚಾರಕ್ಕಾಗಿ 17 ಮಂದಿಗೆ ಶಿಕ್ಷೆಯಾಯಿತು. ಸರಿಯಾಗಿ ಹನ್ನೆರಡು ವರ್ಷಗಳ ಬಳಿಕ, 2023ರ ಅದೇ ಸೆಪ್ಟೆಂಬರ್ 29ರಂದು, ನ್ಯಾಯಮೂರ್ತಿ ಪಿ. ವೇಲ್ಮುರುಗನ್ ಮೇಲ್ಮನವಿಗಳನ್ನು ತಳ್ಳಿಹಾಕಿದರು. ಅದಕ್ಕೆ ಮುನ್ನ ಮಾರ್ಚ್ ತಿಂಗಳಲ್ಲಿ ಅವರು ಸ್ವತಃ ವಾಚಾತಿಗೆ ಹೋಗಿ ಬಂದಿದ್ದರು. ನಿಜವಾದ ಕಳ್ಳಸಾಗಣೆದಾರರನ್ನು ಕಾಪಾಡಲು ಹಳ್ಳಿಗರನ್ನು ಬಲಿಕೊಡಲಾಯಿತು ಎಂಬ ನಿಲುವನ್ನು ಆ ತೀರ್ಪು ತಳೆಯಿತು. ಹದಿನೆಂಟು ಮಂದಿ ಸಂತ್ರಸ್ತೆಯರಿಗೆ ತಲಾ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದೂ ಅಂದಿನ ಜಿಲ್ಲಾಧಿಕಾರಿ, ಪೊಲೀಸ್ ವರಿಷ್ಠಾಧಿಕಾರಿ ಮತ್ತು ಅರಣ್ಯಾಧಿಕಾರಿಯ ಮೇಲೆ ಕ್ರಮ ಜರುಗಿಸಬೇಕೆಂದೂ ಆದೇಶಿಸಿತು.

ಈ ಸರಣಿಯಲ್ಲಿ ಪ್ರತಿ ಹೆಜ್ಜೆಯೂ ಹಿಂದಿನ ಮಾತಿನಿಂದ ಹೊಸದೊಂದನ್ನು ಬೇಡುತ್ತದೆ. ಸಭೆಯಲ್ಲಿ ಆಡಿದ ಮಾತಿಗೆ ನೋವು ಸಾಕು. ಅರ್ಜಿಗೆ ತಾರೀಖು ಮತ್ತು ಸ್ಥಳ ಬೇಕು. ತನಿಖೆಗೆ ಮುಖ ಬೇಕು: ಇವನೇ ಎಂದು ಬೆರಳಿಟ್ಟು ತೋರಿಸಬೇಕು. ನ್ಯಾಯಾಲಯದಲ್ಲಿ ಅದೇ ಮಾತನ್ನು ಎದುರಾಳಿ ವಕೀಲರ ಪಾಟೀಸವಾಲಿಗೆ ಒಡ್ಡಿ ಉಳಿಸಿಕೊಳ್ಳಬೇಕು. ಭಾಷಣವನ್ನು ಯಾರೂ ಪಾಟೀಸವಾಲಿಗೆ ಒಳಪಡಿಸುವುದಿಲ್ಲ; ಅದರ ಸುಖವೂ ಅದರ ಮಿತಿಯೂ ಅದೇ. ವಾಚಾತಿಯಲ್ಲಿ ಬೆಂಬಲದ ನುಡಿ ಕ್ರಿಯೆಯಾದದ್ದು ಅದು ಇನ್ನಷ್ಟು ಜೋರಾದಾಗ ಅಲ್ಲ, ಪರೀಕ್ಷೆಗೆ ತನ್ನನ್ನು ತಾನೇ ಒಪ್ಪಿಸಿಕೊಂಡಾಗ. ಕನ್ನಡದ ‘ಸಾಕ್ಷಿ’ ಎಂಬ ಪದ ಈ ವಿಷಯದಲ್ಲಿ ನೆರವಿಗೆ ಬರುತ್ತದೆ. ಅರವತ್ತರ ದಶಕದಲ್ಲಿ ಗೋಪಾಲಕೃಷ್ಣ ಅಡಿಗರು ತಮ್ಮ ಪತ್ರಿಕೆಗೆ ಇಟ್ಟ ಈ ಹೆಸರು ನವ್ಯದ ಸಂದರ್ಭದಲ್ಲಿ ಅಂತಃಸಾಕ್ಷಿಯ ಕಡೆಗೆ ವಾಲಿತು. ಕಟಕಟೆಯ ಸಾಕ್ಷಿ ಎಂಬ ಅರ್ಥವನ್ನು ವಿಮರ್ಶೆ ವಕೀಲರಿಗೆ ಬಿಟ್ಟುಕೊಟ್ಟಿತು. ವಾಚಾತಿಯ ಹೆಂಗಸರಲ್ಲಿ ಈ ಎರಡು ಅರ್ಥಗಳು ಬೇರೆಯಾಗಿ ಉಳಿಯಲಿಲ್ಲ.

ಗಾಯತ್ರಿ ಚಕ್ರವರ್ತಿ ಸ್ಪಿವಾಕ್ 1988ರಲ್ಲಿ ಎತ್ತಿದ, ಅಧೀನರು ಮಾತನಾಡಬಲ್ಲರೇ ಎಂಬ ಪ್ರಶ್ನೆ ತೌಲನಿಕ ಸಾಹಿತ್ಯದ ತರಗತಿಗಳಲ್ಲಿ ಬಹುತೇಕ ಪಲ್ಲವಿಯಾಗಿದೆ. ಆ ಪ್ರಶ್ನೆಯ ನಿಜವಾದ ಮೊನೆ ಆಡುವವರ ಸಾಮರ್ಥ್ಯದ ಕಡೆಗಿಲ್ಲ, ಕೇಳುವ ಏರ್ಪಾಡಿನ ಕಡೆಗಿದೆ. ಆದರೂ ಅದನ್ನು ಉಲ್ಲೇಖಿಸಿದ ಬೆನ್ನಿಗೇ ‘ದನಿಯಿಲ್ಲದವರಿಗೆ ದನಿಯಾಗುವ’ ಸಂಕಲ್ಪ ಮಾಡುವ ಪ್ರಬಂಧಗಳಿಗೆ ಕೊರತೆಯಿಲ್ಲ. ವಾಚಾತಿಯವರಿಗೆ ದನಿಯಿತ್ತು. ಕೇಳಿದ ಮೇಲೆ ಸುಮ್ಮನಿರಲಾಗದ ಕಿವಿ ಬೇಕಾಗಿತ್ತು. ಸಂಘ ಒದಗಿಸಿದ್ದು ಅದನ್ನು. ಜೊತೆಗೆ ವಕೀಲರನ್ನು, ವರ್ಷಗಟ್ಟಲೆ ಸಡಿಲವಾಗದ ಹಿಡಿತವನ್ನು.

ಇದೇ ಅನುಭವಲೋಕವನ್ನು ಕಲೆ ಹೇಗೆ ಹಿಡಿದಿದೆ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಒಂದು ತಿರುವುಮುರುವು ಕಾಣುತ್ತದೆ. ವೆಟ್ರಿಮಾರನ್ ನಿರ್ದೇಶನದ ‘ವಿಡುದಲೈ’ ಚಿತ್ರದ ಮೊದಲ ಭಾಗ ಬಂದದ್ದು ಹೈಕೋರ್ಟಿನ ತೀರ್ಪು ಬಂದ 2023ರಲ್ಲೇ. ಬೆಟ್ಟದ ಹಳ್ಳಿಯ ಹೆಂಗಸರನ್ನು ಪೊಲೀಸ್ ಶಿಬಿರದಲ್ಲಿ ಕೂಡಿಹಾಕಿ ಹಿಂಸಿಸುವ ಅದರ ದೃಶ್ಯಗಳು ವಾಚಾತಿಯನ್ನು ನೆನಪಿಸದೆ ಇರವು. ಚಿತ್ರದ ಸಿಟ್ಟು ಪ್ರಾಮಾಣಿಕವಾದದ್ದು. ಆದರೆ ಅದು ನೋಡುವುದು ಒಬ್ಬ ಪಾಪಭೀರು ಪೇದೆಯ ಕಣ್ಣಿನಿಂದ. ಹೆಂಗಸರ ನೋವು ಅವನ ಅಂತರಂಗ ಕಲಕುವುದಕ್ಕೆ ಕಾರಣವಾಗಿ ನಿಲ್ಲುತ್ತದೆ. ಪೀಡಿತರ ದೇಹ ತೆರೆಯನ್ನು ತುಂಬುತ್ತದೆ. ಪೀಡಿಸಿದವರು ಕ್ರಮೇಣ ‘ವ್ಯವಸ್ಥೆ’ ಎಂಬ ಮುಖವಿಲ್ಲದ ಪದವಾಗುತ್ತಾರೆ. ನ್ಯಾಯಾಲಯದಲ್ಲಿ ನಡೆದದ್ದು ಇದರ ವಿಲೋಮ. ಕಾನೂನು ಸಂತ್ರಸ್ತೆಯರ ಹೆಸರನ್ನು ಮರೆಯಲ್ಲಿಟ್ಟಿತು. ಆರೋಪಿಗಳನ್ನು ಮಾತ್ರ ಒಬ್ಬೊಬ್ಬರನ್ನಾಗಿ ಎಣಿಸಿ 269 ಎಂದು ಬರೆಯಿತು. ಐಕಮತ್ಯದ ಸಾಹಿತ್ಯ ಈ ಲೆಕ್ಕದಿಂದ ಕಲಿಯಬೇಕಾದದ್ದಿದೆ. ವ್ಯವಸ್ಥೆಯನ್ನು ಬಯ್ಯುವುದು ಸುಲಭ, ಏಕೆಂದರೆ ವ್ಯವಸ್ಥೆ ಯಾವ ಸಭೆಯಲ್ಲೂ ಎದುರು ಕುಳಿತಿರುವುದಿಲ್ಲ.

ಕನ್ನಡಕ್ಕೆ ಇನ್ನೂ ಹತ್ತಿರದ ಹೋಲಿಕೆಯೊಂದಿದೆ. ವೀರಪ್ಪನ್ ಬೇಟೆಯ ಹೆಸರಿನಲ್ಲಿ ಕರ್ನಾಟಕ, ತಮಿಳುನಾಡುಗಳ ಜಂಟಿ ಕಾರ್ಯಪಡೆ ನಡೆಸಿದ ಹಿಂಸೆಗೆ ಗಡಿಯ ಸೋಲಿಗರು ಮತ್ತು ಇತರ ಬಡ ಹಳ್ಳಿಗರು ತುತ್ತಾದರು. ಮಾನವ ಹಕ್ಕು ಹೋರಾಟದ ವಕೀಲರಾದ ಎಸ್. ಬಾಲಮುರುಗನ್ 2004ರಲ್ಲಿ ಪ್ರಕಟಿಸಿದ ‘ಸೋಳಗರ್ ತೊಟ್ಟಿ’ ಆ ಅನುಭವದ ಕಾದಂಬರಿ. ಮೊದಲು ಹಾಡಿಯ ಬೇಸಾಯ, ಕಾಡು, ದೈವಗಳನ್ನು ಸಾವಧಾನವಾಗಿ ಕಟ್ಟಿ, ಆಮೇಲೆ ಅದರ ನಾಶವನ್ನು ಹೇಳುವ ಈ ಕೃತಿಯಲ್ಲಿ ಕಳೆದುಹೋದದ್ದೇನೆಂಬುದು ಓದುಗರಿಗೆ ಗೊತ್ತಿರುತ್ತದೆ. ‘ವಿಡುದಲೈ’ಗಿಂತ ಅದು ಮುಂದೆ ಹೋಗುವುದು ಇಲ್ಲಿ. ಕನ್ನಡಕ್ಕೆ ತೀರ ಸಮೀಪದ ನುಡಿಯಾಡುವ ಜನರ ಈ ಪಾಡು ಕಾದಂಬರಿಯಾದದ್ದು ತಮಿಳಿನಲ್ಲಿ ಎಂಬುದನ್ನು ಕನ್ನಡದ ವಿದ್ವತ್ತು ಗಮನಿಸಬೇಕು. ನ್ಯಾಯದ ದಾರಿಯಲ್ಲಿ ಮಾತ್ರ ಈ ಪ್ರಕರಣ ವಾಚಾತಿಯಷ್ಟು ದೂರ ಸಾಗಲಿಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನೇಮಿಸಿದ ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿ ಸಂತ್ರಸ್ತರ ಹೇಳಿಕೆಗಳನ್ನು ಆಲಿಸಿ ವರದಿ ಕೊಟ್ಟಿತು; 2007ರಲ್ಲಿ ಆಯೋಗ 89 ಮಂದಿಗೆ 2.80 ಕೋಟಿ ರೂಪಾಯಿ ಪರಿಹಾರ ಸೂಚಿಸಿತು. ಪರಿಹಾರದ ಪಟ್ಟಿಯಲ್ಲಿ ಪೀಡಿತರ ಸಂಖ್ಯೆಯಿದೆ. ವಾಚಾತಿಯ ತೀರ್ಪಿನಲ್ಲಿರುವಂತೆ ಪೀಡಿಸಿದವರ ಸಂಖ್ಯೆ ಅದರಲ್ಲಿಲ್ಲ.

ಹಾಗೆಂದು ನ್ಯಾಯಾಲಯವನ್ನೇ ಕ್ರಿಯೆಯ ಕೊನೆಯ ಮಾದರಿಯೆಂದು ಕೊಂಡಾಡುವಂತಿಲ್ಲ. ಮೊದಲ ತೀರ್ಪಿಗೆ 19 ವರ್ಷ, ಅದು ಮೇಲ್ಮನವಿಯಲ್ಲಿ ಊರ್ಜಿತವಾಗಲು ಮತ್ತೆ 12 ವರ್ಷ ಹಿಡಿಯಿತು. 54 ಆರೋಪಿಗಳನ್ನು ಶಿಕ್ಷೆಯಿಂದ ಪಾರು ಮಾಡಿದ್ದು ಸಾವು. ಹುಡುಗಿಯಾಗಿದ್ದಾಗ ನಡೆದದ್ದನ್ನು ನಡುವಯಸ್ಸಿನವರೆಗೆ ಮತ್ತೆ ಮತ್ತೆ ಹೇಳಬೇಕಾಗಿ ಬಂದದ್ದನ್ನು ಯಾವ ಪರಿಹಾರವೂ ತುಂಬಿಕೊಡದು. ಸಂಘ ಒಂದು ರಾಜಕೀಯ ಪಕ್ಷದ ಬಲದಿಂದ ನಿಂತಿತ್ತು ಎಂಬ ಆಕ್ಷೇಪಕ್ಕೂ ಜಾಗವಿದೆ; ಅಂಥ ಬಲ ತಲುಪದ ಹಾಡಿಗಳ ಗತಿಯೇನು ಎಂಬ ಪ್ರಶ್ನೆ ಆ ಆಕ್ಷೇಪದಲ್ಲಿ ಅಡಗಿದೆ. ಆದರೆ ಈ ಪ್ರಶ್ನೆ ಪಕ್ಷಗಳಿಗಿಂತ ಹೆಚ್ಚಾಗಿ ಸುಮ್ಮನಿರುವ ಸಂಸ್ಥೆಗಳ ಕಡೆಗೆ ತಿರುಗಬೇಕಾದದ್ದು.

ದ್ವಿಭಾಷಿಕ ವಿದ್ವಾಂಸರಿಗೆ ಇಲ್ಲಿ ತಮ್ಮದೇ ಆದ ಕೆಲಸವಿದೆ. ವಾಚಾತಿಯ ತೀರ್ಪುಗಳು ಕನ್ನಡದಲ್ಲಿ ಓದಲು ಸಿಗಬೇಕು. ಗಡಿಯ ಹಾಡಿಗಳವರು ತಮ್ಮ ನುಡಿಯಲ್ಲಿ ಹೇಳಿದ್ದು ಠಾಣೆಯ ತಮಿಳು, ಕನ್ನಡಕ್ಕೂ ನ್ಯಾಯಾಲಯದ ಇಂಗ್ಲಿಷಿಗೂ ದಾಟುವಾಗ ಏನನ್ನು ಕಳೆದುಕೊಳ್ಳುತ್ತದೆ ಎಂಬುದನ್ನು ಬಲ್ಲ ಅನುವಾದಕರು ಬೇಕು. ಕ್ಷೇತ್ರಕಾರ್ಯದಲ್ಲಿ ಮುದ್ರಿಸಿಕೊಂಡ ಪ್ರತಿ ಹೇಳಿಕೆಯ ಒಂದು ಪ್ರತಿ, ತಾರೀಖು ಸಮೇತ, ಹೇಳಿದವರ ಕೈಗೆ ಮರಳಬೇಕು. ನಾಳೆ ಅದು ಅವರಿಗೆ ದಾಖಲೆಯಾದೀತು. ಇವಾವುದಕ್ಕೂ ಚಪ್ಪಾಳೆ ಬೀಳುವುದಿಲ್ಲ. ಸಿತ್ತೇರಿಯ ಸಮಾವೇಶದಲ್ಲಿ ಯಾರು ಏನು ಭಾಷಣ ಮಾಡಿದರೆಂಬುದು ಇಂದು ಚರ್ಚೆಯ ವಿಷಯವಲ್ಲ. ಅಲ್ಲಿ ಕೇಳಿಸಿಕೊಂಡವರು ಆಮೇಲೆ ವಾಚಾತಿಗೆ ಹೋದರು ಎಂಬುದರಿಂದಲೇ ಆ ಸಮಾವೇಶ ಇತಿಹಾಸವಾಯಿತು.