ನಿಧಾನವಾದಷ್ಟೂ ಭಾರ

ಗಣೇಶನ ಮೆರವಣಿಗೆಯಲ್ಲಿ ಟ್ರ್ಯಾಕ್ಟರ್ ಮೇಲೆ ಆಳೆತ್ತರಕ್ಕೆ ಬಾಕ್ಸ್ ಜೋಡಿಸಿ ಡಿಜೆ ಹಾಕುತ್ತಾರಲ್ಲ, ಅದನ್ನು ಕೇಳಿದ ಹುಡುಗರು 'ಎಂಥ ಹೆವಿ ಸೌಂಡು ಗುರೂ' ಅನ್ನುತ್ತಾರೆ. ಎದೆ ಅದುರುತ್ತದೆ, ಕಿಟಕಿ ಗಾಜು ಗಡಗಡ ಅನ್ನುತ್ತದೆ, ಎಲ್ಲ ನಿಜ. ಆದರೆ ಟ್ರ್ಯಾಕ್ಟರ್ ಮುಂದಿನ ಬೀದಿಗೆ ತಿರುಗಿದ ಮೇಲೆ ಮನಸ್ಸಿನಲ್ಲಿ ಉಳಿಯುವುದೇನು? ಕಿವಿಯಲ್ಲಿ ಒಂದಿಷ್ಟು ಗುಂಯ್‌ಗುಟ್ಟುವಿಕೆ, ಅಷ್ಟೆ. ಜೋರು ಬೇರೆ, ಭಾರ ಬೇರೆ. ಈ ವಾರದ ಅಂಕಣ ಭಾರದ ಬಗ್ಗೆ. ಭಾರವನ್ನೇ ಕಸುಬು ಮಾಡಿಕೊಂಡ ಬೆಂಗಳೂರಿನ ಒಂದು ತಂಡದ ಬಗ್ಗೆ.

ತಂಡದ ಹೆಸರು ಬೇವರ್ ಸೀ. ಇಂಗ್ಲಿಷಿನಲ್ಲಿ ಬಿಡಿಸಿ ಬರೆದರೆ ಯಾವುದೋ ಸಮುದ್ರ. ಕೂಡಿಸಿ ಓದಿದರೆ ನಮ್ಮ ಬೀದಿಯ ಬೈಗುಳ. 2012ರಲ್ಲಿ ಬಂದ ಮೊದಲ ಆಲ್ಬಮ್ಮಿಗೂ ಅದೇ ಹೆಸರು. ಅದರಲ್ಲಿ ಇರುವುದು ನಾಲ್ಕೇ ಹಾಡು: 'ಅಬಿಷ್ಟು', 'ಯೂನಿವರ್ಸಲ್ ಸ್ಲೀಪರ್', 'ದಿ ಸ್ಮೈಲರ್', 'ಮೋನೋ ನೋಮ್'. ಅದರಲ್ಲಿ ಹಾಡುಗಾರ ಗಣೇಶ್ ಕೃಷ್ಣಸ್ವಾಮಿ, ಗಿಟಾರ್ ಶ್ರೀಕಾಂತ್ ಪನಮನ್ ಮತ್ತು ರಾಹುಲ್ ಚಾಕೊ, ಬೇಸ್ ಅವಿನಾಶ್ ರಾಮಚಂದರ್, ಡ್ರಮ್ಸ್ ದೀಪಕ್ ರಘು. ಎರಡನೆಯ ಆಲ್ಬಮ್ 'ಇನ್ವೋಕ್ ದಿ ಬಿಜಾರ್' 2015ರದ್ದು. ಈ ಜಾತಿಯ ಸಂಗೀತವನ್ನು ಕೇಳುಗರು ಡೂಮ್ ಅನ್ನುತ್ತಾರೆ, ಸ್ಟೋನರ್ ಅನ್ನುತ್ತಾರೆ. ಅರವತ್ತರ ದಶಕದ ಸೈಕೆಡೆಲಿಕ್ ರಾಕ್‌ನ ಅಮಲು ಒಂದು ಕಡೆ, ಹೆವಿ ಮೆಟಲ್‌ನ ಕಬ್ಬಿಣ ಇನ್ನೊಂದು ಕಡೆ. ಎರಡನ್ನೂ ಒಂದೇ ಹದಕ್ಕೆ ತಂದರೆ ಸಿಗುವುದು ಇದು.

ಇದರ ಮೂಲಪುರುಷ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನವನು. ಟೋನಿ ಅಯೋಮಿ 1965ರಲ್ಲಿ, ಹದಿನೇಳರ ಹರೆಯದಲ್ಲಿ, ತಗಡಿನ ಕಾರ್ಖಾನೆಯಲ್ಲಿ ಕೆಲಸ ಬಿಡುವ ಕೊನೆಯ ದಿನ ಯಂತ್ರಕ್ಕೆ ಕೈ ಸಿಕ್ಕಿ ಎರಡು ಬೆರಳಿನ ತುದಿ ಕಳೆದುಕೊಂಡ. ಎಡಗೈಯವನಾದ್ದರಿಂದ ತಂತಿ ಒತ್ತುವ ಕೈಗೇ ಪೆಟ್ಟು ಬಿತ್ತು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡ. ತಂತಿ ತೆಳ್ಳಗಿನದು ಹಾಕಿದ. ಆಮೇಲೆ ಶ್ರುತಿಯನ್ನೂ ಇಳಿಸಿದ. ಅವನ ತಂಡ ಬ್ಲ್ಯಾಕ್ ಸಬಾತ್‌ನ ಮೊದಲ ಆಲ್ಬಮ್ ಬಂದದ್ದು 13 ಫೆಬ್ರುವರಿ 1970, ಶುಕ್ರವಾರ. ಮರುವರ್ಷದ 'ಮಾಸ್ಟರ್ ಆಫ್ ರಿಯಾಲಿಟಿ'ಯಲ್ಲಿ ಗಿಟಾರ್ ಒಂದೂವರೆ ಮೆಟ್ಟಿಲು ಕೆಳಗಿಳಿದಿತ್ತು. ಬೆರಳಿಗೆ ಆರಾಮವಾಗಲಿ ಎಂದು ಸಡಿಲ ಮಾಡಿದ ತಂತಿಯಿಂದ ಜಗತ್ತಿನ ಒಂದು ಸಂಗೀತ ಪ್ರಕಾರವೇ ಹುಟ್ಟಿಕೊಂಡಿತು. ಅದೇ ತಂಡ 5 ಜುಲೈ 2025ರಂದು ತನ್ನೂರಿನಲ್ಲೇ ಕೊನೆಯ ಕಛೇರಿ ನಡೆಸಿತು. ಮೂರು ವಾರವೂ ಕಳೆದಿರಲಿಲ್ಲ, ಅದರ ಹಾಡುಗಾರ ಓಝಿ ಆಸ್ಬಾರ್ನ್ ತೀರಿಕೊಂಡ.

ಕರ್ನಾಟಕ ಸಂಗೀತ ಕೇಳಿ ಬೆಳೆದವರಿಗೆ ಈ ಭಾರದ ಒಳಗುಟ್ಟು ತಿಳಿಯುವುದು ಕಷ್ಟವೇನಲ್ಲ. ಗಿಟಾರಿನ ದಪ್ಪ ತಂತಿ ಸಾಮಾನ್ಯವಾಗಿ ಸೆಕೆಂಡಿಗೆ 82 ಸಲ ಕಂಪಿಸುತ್ತದೆ. ಅಯೋಮಿ ಅದನ್ನು 69ಕ್ಕೆ ಇಳಿಸಿದ. ಸಡಿಲವಾದ ತಂತಿ ಅಗಲವಾಗಿ ತೂಗಾಡುತ್ತದೆ, ನಾದ ಹರಡಿಕೊಳ್ಳುತ್ತದೆ. ಅದನ್ನು ಫಝ್ ಪೆಡಲ್ಲಿಗೆ ಕೊಟ್ಟರೆ ಅದು ಅಲೆಯ ತಲೆಯನ್ನು ಚಪ್ಪಟೆಯಾಗಿ ಕತ್ತರಿಸುತ್ತದೆ. ಕತ್ತರಿಸಿದಲ್ಲೆಲ್ಲ ಹೊಸ ಹೊಸ ಅನುಸ್ವರಗಳು ಹುಟ್ಟುತ್ತವೆ. ತಂಬೂರಿಯ ತಂತಿಯ ಕೆಳಗೆ ಕುದುರೆಯ ಮೇಲೆ ಜೀವಾಳಿಯ ಎಳೆ ಇಟ್ಟು ಝೇಂಕಾರ ಬರಿಸುತ್ತೇವಲ್ಲ, ಉದ್ದೇಶ ಅದೇ: ಒಂದು ಸ್ವರದೊಳಗೆ ಅಡಗಿರುವ ನೂರು ಸ್ವರಗಳನ್ನು ಹೊರಗೆಳೆಯುವುದು.

ಇನ್ನೊಂದು ಸಂಗತಿ. ಫಝ್ ಹಾಕಿದ ಗಿಟಾರಿನಲ್ಲಿ ಮೂರು ಸ್ವರದ ಪೂರ್ತಿ ಕಾರ್ಡ್ ಬಾರಿಸಿದರೆ ಗಾಂಧಾರ ಉಳಿದೆರಡರ ಜೊತೆ ಕಿತ್ತಾಡಿ ಎಲ್ಲ ಕಲಸುಮೇಲೋಗರವಾಗುತ್ತದೆ. ಹಾಗಾಗಿ ಗಾಂಧಾರವನ್ನು ಬಿಟ್ಟೇಬಿಡುತ್ತಾರೆ. ಉಳಿಯುವುದು ಷಡ್ಜ, ಪಂಚಮ. ಅಂದರೆ ನಮ್ಮ ಶ್ರುತಿ! ಗಾಂಧಾರ ಹೋದ ಮೇಲೆ ಸಂತೋಷವೋ ದುಃಖವೋ ಎಂದು ಸ್ವರ ಹೇಳುವುದಿಲ್ಲ. ಆ ಖಾಲಿ ಜಾಗದಲ್ಲಿ ಕೇಳುವವನು ತನ್ನದನ್ನು ತುಂಬಿಕೊಳ್ಳುತ್ತಾನೆ. ಬ್ಲ್ಯಾಕ್ ಸಬಾತ್‌ನ ಮೊದಲ ಹಾಡಿನಲ್ಲಿ ಪಂಚಮದ ಬದಲು ಪ್ರತಿಮಧ್ಯಮ ಬಂದು ಕೂರುತ್ತದೆ. ಮೈ ಜುಮ್ಮೆನ್ನುವುದು ಅಲ್ಲೇ.

ಈ ಸಂಗೀತದಲ್ಲಿ ಭಾವ ಇರುವುದು ಮಾತಿನಲ್ಲಲ್ಲ. ಬೇವರ್ ಸೀ ಹಾಡುವುದು ಇಂಗ್ಲಿಷಿನಲ್ಲಿ, ಅದರಲ್ಲೂ ಅರ್ಧ ಗಿಟಾರಿನಡಿ ಹೂತುಹೋಗಿರುತ್ತದೆ. ಭಾವ ಇರುವುದು ಪುನರಾವರ್ತನೆಯಲ್ಲಿ. 'ಯೂನಿವರ್ಸಲ್ ಸ್ಲೀಪರ್' ಹಾಕಿ ಕೂತರೆ ಅದೇ ಸ್ವರಗಳ ಸುತ್ತು ಬಂದದ್ದೇ ಬರುತ್ತದೆ. ಮೊದಲು ಕುತೂಹಲ, ಆಮೇಲೆ ಬೇಸರ, ಆಮೇಲೆ ಸಣ್ಣಗೆ ಸಿಟ್ಟು. ಎದ್ದು ಆಫ್ ಮಾಡೋಣ ಅನ್ನಿಸುವ ಹೊತ್ತಿಗೆ ಉಸಿರು ಆ ಲಯಕ್ಕೆ ಇಳಿದಿರುತ್ತದೆ. ಆಗ ಡ್ರಮ್ಮಿನ ಒಂದು ಏಟು ಜಾಗ ಬದಲಿಸಿದರೂ ಸಾಕು, ಎದೆಯಲ್ಲಿ ಗಂಟು ಬಿಚ್ಚಿದ ಹಾಗೆ ಆಗುತ್ತದೆ. ಇದಕ್ಕೆ ಅವಸರ ಆಗಿಬರುವುದಿಲ್ಲ. ಮೂರು ನಿಮಿಷದ ಹಾಡಿನಲ್ಲಿ ಈ ಕೆಲಸ ನಡೆಯುವುದೂ ಇಲ್ಲ.

ಕೋಲಾರ ಜಿಲ್ಲೆಯ ನಮ್ಮ ಹೋಬಳಿಯ ಹಿರಿಯ ತಮಟೆ ವಾದಕರೊಬ್ಬರಿಗೆ ಒಮ್ಮೆ ಇದನ್ನು ಕೇಳಿಸಿದೆ. ಫೋನಿನ ಸ್ಪೀಕರಿನಲ್ಲಿ ಕೇಳಿದವರೇ ಮುಖ ಸಿಂಡರಿಸಿದರು: "ಇದೇನಪ್ಪಾ, ಮಿಕ್ಸಿ ಕೆಟ್ಟೋದಂಗೈತೆ?" ಇಯರ್‌ಫೋನ್ ಕೊಟ್ಟೆ. ಕಣ್ಣು ಮುಚ್ಚಿ ಹಾಡು ಮುಗಿಯುವ ತನಕ ಕೂತರು. ಆಮೇಲೆ ಗಿಟಾರಿನ ಸುದ್ದಿಗೇ ಹೋಗಲಿಲ್ಲ, ಡ್ರಮ್ಸಿನವನನ್ನು ಹಿಡಿದುಕೊಂಡರು. "ಇಷ್ಟು ನಿದಾನಕ್ಕೆ ಏಟು ಹಾಕಕ್ಕೆ ತಾಕತ್ತು ಬೇಕಪ್ಪ. ಬಿರ್ರನೆ ಯಾರಾನ ಬಾರಿಸ್ತಾರೆ. ಏಟಿಗೂ ಏಟಿಗೂ ಮದ್ಯೆ ಕೈ ತಡಕೊಂಡಿರೋದೈತಲ್ಲ, ಅದು ಕಷ್ಟ." ಯಾವ ವಿಮರ್ಶಕನೂ ಇದಕ್ಕಿಂತ ಸರಿಯಾಗಿ ಹೇಳಿದ್ದನ್ನು ನಾನು ಓದಿಲ್ಲ.

ಕೋಲಾರದ ಕಿವಿಗೆ ಈ ಭಾರ ಹೊಸದಲ್ಲ ಎನ್ನುವುದಕ್ಕೆ ತಮಟೆಯೇ ಸಾಕ್ಷಿ. ಜಾತ್ರೆಯ ಬೆಳಗಿನ ಜಾವ ಹುಲ್ಲಿಗೆ ಬೆಂಕಿ ಹಚ್ಚಿ ಚರ್ಮ ಕಾಯಿಸುವುದನ್ನು ನೋಡಿ. ಥಂಡಿಗೆ ಸಡಿಲಾದ ಚರ್ಮ ಬಿಸಿಗೆ ಬಿಗಿಯುತ್ತದೆ. ಬೆರಳಿನಿಂದ ತಟ್ಟಿ ತಟ್ಟಿ ನಾದ ನೋಡುತ್ತಾರೆ, ಸಾಲದಿದ್ದರೆ ಮತ್ತೆ ಬೆಂಕಿಗೆ ಹಿಡಿಯುತ್ತಾರೆ. ಅಯೋಮಿ ತಂತಿ ಸಡಿಲಿಸಿ ಕೆಳಗಿಳಿದ, ಇವರು ಚರ್ಮ ಬಿಗಿದು ಮೇಲೇರುತ್ತಾರೆ. ಇಬ್ಬರೂ ಹುಡುಕುವುದು ಮೈಗೆ ತಾಗುವ ನಾದವನ್ನೇ. ಹಿಂದೆ ಕೋಲಾರ ಜಿಲ್ಲೆಯಲ್ಲೇ ಇದ್ದ, 2007ರಿಂದ ಚಿಕ್ಕಬಳ್ಳಾಪುರಕ್ಕೆ ಸೇರಿದ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ಈ ಕಲೆಗೇ.

ಆದರೆ ತಮಟೆಯ ಭಾರಕ್ಕೆ ಇನ್ನೊಂದು ಮುಖವಿದೆ. ಸಾವಿನ ಮನೆಯ ಮುಂದೆ ಬಾರಿಸುವುದನ್ನು ದಲಿತರ ಮೇಲೆ ಊರು ಹೇರಿತ್ತು. ದಲಿತ ಚಳವಳಿ ಬಂದ ಮೇಲೆ ಎಷ್ಟೋ ಜನ ಅದನ್ನು ಬಾರಿಸಲಾರೆವು ಎಂದು ಕೆಳಗಿಟ್ಟರು. ಅದೇ ತಮಟೆಯನ್ನು ಪ್ರತಿಭಟನೆಯ ಸಭೆಗಳಲ್ಲಿ ಎತ್ತಿಕೊಂಡರು. ಚಳವಳಿಯ ಹಾಡು ಕಟ್ಟಿದ ಕೋಟಿಗಾನಹಳ್ಳಿ ರಾಮಯ್ಯನವರು ಕೋಲಾರದ ತೇರಹಳ್ಳಿ ಬೆಟ್ಟದ ಮೇಲೆ 'ಆದಿಮ' ಸಾಂಸ್ಕೃತಿಕ ಕೇಂದ್ರ ಕಟ್ಟಿದರು. ಅಲ್ಲಿನ 'ಹುಣ್ಣಿಮೆ ಹಾಡು' ಕಾರ್ಯಕ್ರಮ ನಮ್ಮ ಜಿಲ್ಲೆಯವರಿಗೆ ಗೊತ್ತಿರುವುದೇ. ಬೆಂಗಳೂರಿನ ಹುಡುಗರ ಗಿಟಾರಿನ ಸಂಕಟವನ್ನೂ ಈ ಸಂಕಟವನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಬಾರದು. ಒಂದು ಆರಿಸಿಕೊಂಡ ಭಾರ, ಇನ್ನೊಂದು ಹೊರಿಸಿದ ಭಾರ. ನಾದ ಮಾಡುವ ಕೆಲಸ ಒಂದೇ ಇರಬಹುದು, ಹಿಂದಿನ ಬದುಕು ಒಂದೇ ಅಲ್ಲ.

ರಾಕ್‌ನಿಂದ ನಮ್ಮ ಚರ್ಮವಾದ್ಯದ ಕಡೆಗೆ ನಡೆದವರೂ ಇದ್ದಾರೆ. ಎಪ್ಪತ್ತರ ದಶಕದ ರಾಕ್ ತಂಡ ಹ್ಯೂಮನ್ ಬಾಂಡೇಜ್‌ನಲ್ಲಿ ಡ್ರಮ್ಸ್ ನುಡಿಸುತ್ತಿದ್ದ ರಮೇಶ್ ಶೋತಂ ಆಮೇಲೆ ತವಿಲ್ ಕಲಿತರು, ಟಿ.ಎ.ಎಸ್. ಮಣಿಯವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ ಸೇರಿ ಜರ್ಮನಿಯ ತನಕ ಹೋದರು. ಇನ್ನು ನಮ್ಮದೇ ಚಿನ್ನದ ಗಣಿ ಕೆಜಿಎಫ್ ಹೆಸರಿನ 2018ರ ಸಿನಿಮಾಕ್ಕೆ ರವಿ ಬಸ್ರೂರು ಮಾಡಿದ ಸಂಗೀತ ಜೋರಿನ ಸಾಲಿಗೆ ಸೇರಿದ್ದು ಎನ್ನುವುದು ನನ್ನ ಅಭಿಪ್ರಾಯ. ಕೋರಸ್ ಏರಿದ ಕೂಡಲೇ ಮೈ ನವಿರೇಳುತ್ತದೆ, ಮರುಗಳಿಗೆ ಇಳಿಯುತ್ತದೆ. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು, 28 ಫೆಬ್ರುವರಿ 2001ರಂದು ಬಾಗಿಲು ಹಾಕಿದ ಗಣಿಯ ಊರಿಗೆ ಇನ್ನೂ ನಿಧಾನದ ಸಂಗೀತ ಬೇಕಿತ್ತು.

ಬೇವರ್ ಸೀ ಬಗ್ಗೆ ನನ್ನ ತೀರ್ಪು ಇದು: ಎರಡನೆಯ ಆಲ್ಬಮ್ ಹೆಚ್ಚು ಅಚ್ಚುಕಟ್ಟು, ಮೊದಲನೆಯದು ಹೆಚ್ಚು ಭಾರ. ಒಂದನ್ನೇ ಕೇಳುವುದಾದರೆ ಮೊದಲನೆಯದನ್ನು ಕೇಳಿ. ಅದು ಹಿಡಿಸಿದರೆ ಅದೇ ಊರಿನ ಶೆಫರ್ಡ್ ತಂಡದ 2015ರ ಆಲ್ಬಮ್ ಇದೆ, ಜಿನ್ ಅಂಡ್ ಮಿಸ್ಕಟಾನಿಕ್‌ನ 2013ರ 'ಫಾರೆವರ್ ಇನ್ ದಿ ರೆಲ್ಮ್' ಇದೆ. ಫೋನಿನ ಸ್ಪೀಕರಿನಲ್ಲಿ ಕೇಳಲೇಬೇಡಿ. ಅಷ್ಟು ಕೆಳಗಿನ ಸ್ವರ ಅದರಲ್ಲಿ ಬರುವುದೇ ಇಲ್ಲ, ಮಿಕ್ಸಿ ಮಾತ್ರ ಉಳಿಯುತ್ತದೆ. ಒಳ್ಳೆಯ ಹೆಡ್‌ಫೋನ್ ಸಾಕು, ವಾಲ್ಯೂಮ್ ಶೇಕಡ 60 ದಾಟುವುದು ಬೇಡ.

ಕೊನೆಗೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದಲ್ಲಿ ಗಿಟಾರ್ ಕಲಿಯುತ್ತಿರುವ ಹುಡುಗ ಹುಡುಗಿಯರಿಗೆ ಒಂದು ಮಾತು. ತಂತಿ ಸಡಿಲ ಮಾಡುವ ಮೊದಲು ನಿಮ್ಮೂರಿನ ತಮಟೆಯವರ ಪಕ್ಕ ಒಂದು ಜಾತ್ರೆ ಪೂರ್ತಿ ನಿಂತು ಕೇಳಿ. ಅವರ ಏಟು ನಿಮ್ಮ ಹಾಡಿಗೆ ಬೇಕೆನ್ನಿಸಿದರೆ ಕರೆದುಕೊಂಡು ಬಂದು ಜೊತೆಗೆ ಕೂರಿಸಿ, ಸಂಭಾವನೆ ಕೊಡಿ, ಆಲ್ಬಮ್ಮಿನ ಮೇಲೆ ನಿಮ್ಮ ಹೆಸರಿನ ಸಾಲಿನಲ್ಲೇ ಅವರ ಹೆಸರನ್ನೂ ಹಾಕಿ.